ಕಡಲಹದ್ದು ಇದ್ದ ಬೆನ್ನು

ಮೊನ್ನೆ ಕಪಾಟು ಖಾಲಿ ಮಾಡುವಾಗ ಅಣ್ಣನ ತೋಳಿಲ್ಲದ ಚರ್ಮದ ಜಾಕೆಟ್ ಸಿಕ್ಕಿತು. ಬೂಷ್ಟು ಹಿಡಿದಿತ್ತು. ಎಣ್ಣೆ ಹಚ್ಚಿ ಒರೆಸಿದಾಗ ಒಳಗಿಂದ ಪೆಟ್ರೋಲು, ಬೆವರು, ಮಲ್ಪೆಯ ಉಪ್ಪುಗಾಳಿ... ಎಲ್ಲ ಸೇರಿದ ಅದೇ ವಾಸನೆ ಎದ್ದಿತು. ಬೆನ್ನಿನ ಮೂರು ಕಡೆ ಮಾತ್ರ ಚರ್ಮ ಇನ್ನೂ ಕಪ್ಪಾಗಿ ಉಂಟು. ಅಲ್ಲಿಗೆ ಬಿಸಿಲು ತಾಗಿರಲಿಲ್ಲ.

ಅಣ್ಣ ಮಲ್ಪೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುತ್ತಿದ್ದ. ಭಾನುವಾರ ಬೈಕಿನ ಕ್ಲಬ್. ಕಾನೂನಿಗೆ ತಲೆಬಾಗುವುದಿಲ್ಲ ಎನ್ನುವ ಹೊರದೇಶದ ಕ್ಲಬ್ಬುಗಳನ್ನು ನೋಡಿ ಕಟ್ಟಿದ್ದು. ಇವರಲ್ಲಿ ಹೊಡೆದಾಟ, ಕಳ್ಳತನ ಏನೂ ಇರಲಿಲ್ಲ; ಜಾಕೆಟ್ಟಿನ ಬೆನ್ನಿಗೆ ಹೊಲಿಯುವ ಬಟ್ಟೆಯ ತುಂಡುಗಳ ಕ್ರಮ ಮಾತ್ರ ಅಷ್ಟೇ ಬಿಗಿ. ಮೇಲೆ ಕಮಾನಿನಂತೆ ಕ್ಲಬ್ಬಿನ ಹೆಸರು, ನಡುವೆ ರೆಕ್ಕೆ ಬಿಚ್ಚಿದ ಕಡಲಹದ್ದು, ಕೆಳಗೆ ಊರಿನ ಹೆಸರು. ಹೊಸಬನಿಗೆ ಮೊದಲು ಕೆಳಗಿನ ತುಂಡು ಮಾತ್ರ. ಒಂದೂವರೆ ವರ್ಷ ಹಿರಿಯರ ಬೈಕು ತೊಳೆದು, ಕರೆದಲ್ಲಿಗೆ ಹೋಗಿ, ಎಲ್ಲರೂ ಒಪ್ಪಿದ ಮೇಲೆ ಅಣ್ಣನಿಗೆ ಉಳಿದೆರಡು ಸಿಕ್ಕಿತ್ತು. ಮೂರೂ ಸೇರಿದ್ದನ್ನು ಅವರು ಕಲರ್ಸ್ ಅನ್ನುತ್ತಿದ್ದರು. ಅದು ಹಾಕಿಕೊಂಡವನದ್ದಲ್ಲ, ಕ್ಲಬ್ಬಿನದ್ದು.

ಅವಕ್ಕೆ ಕಸೂತಿ ಹಾಕುತ್ತಿದ್ದವಳು ನಾನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಬನ್ನಂಜೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ. ಅಣ್ಣನೇ ಆ ಕೆಲಸ ಕೊಡಿಸಿದ್ದು. ಹಾಳಾದ ತುಂಡನ್ನೂ ಸುಡಬೇಕು, ಒಂದೂ ಹೊರಗೆ ಹೋಗಬಾರದು ಎಂದಿದ್ದ.

“ಎಂತ ಅಣ್ಣ, ಇದು ದೈವದ ಭಂಡಾರವಾ?”

“ಹಾಗೇ ಅಂತ ತಿಳ್ಕೊ.”

ಒಂದು ದಿನ ಪ್ಯಾಂಟು ಗಿಡ್ಡ ಮಾಡಿಸಲು ಬಂದ ಮಣಿಪಾಲದ ವಿದ್ಯಾರ್ಥಿಯೊಬ್ಬ ನಾನು ಹಾಕುತ್ತಿದ್ದ ಹದ್ದನ್ನು ನೋಡುತ್ತಾ ನಿಂತ. ಕಣ್ಣಿಗೆ ಎಷ್ಟು ಬಣ್ಣದ ನೂಲು ಎಂದು ಕೇಳಿದ. ನನ್ನ ಕೆಲಸವನ್ನು ಅಷ್ಟು ಹೊತ್ತು ನೋಡಿದವರು ಅದುವರೆಗೆ ಯಾರೂ ಇರಲಿಲ್ಲ. ರೂಮಿನ ಗೋಡೆಗೆ ಅಂಟಿಸುತ್ತೇನೆ, ಒಂದು ಮಾಡಿಕೊಡಿ ಎಂದ. ಮೂರೂ ತುಂಡು ಮಾಡಿಕೊಟ್ಟೆ.

ಅವನು ಅದನ್ನು ಬೆನ್ನಿಗೆ ಹಾಕಿಕೊಂಡು ಕಾಪು ಲೈಟ್‌ಹೌಸಿನ ಹತ್ತಿರ ತಿರುಗುವಾಗ ಕ್ಲಬ್ಬಿನವರ ಕಣ್ಣಿಗೆ ಬಿದ್ದ. ಕಳಚಿ ಕೊಟ್ಟ, ಯಾರು ಕೊಟ್ಟದ್ದೆಂದು ಮಾತ್ರ ಹೇಳಲಿಲ್ಲವಂತೆ. ಅಣ್ಣ ಹೊಲಿಗೆ ನೋಡಿದ, ನನ್ನ ಕೈಯದ್ದೆಂದು ಗೊತ್ತಾಯಿತು. “ನಾನೇ ಕೊಟ್ಟದ್ದು,” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡುಬಿಟ್ಟ.

ಮರುದಿನ ಮಧ್ಯಾಹ್ನ ಅಂಗಡಿಗೆ ಬಂದ. ಕ್ಲಬ್ಬಿನ ಹಿರಿಯರು ಹೊರಗೆ ಬೈಕಿನ ಮೇಲೆ ಕಾಯುತ್ತಿದ್ದರು. ಕ್ಲಬ್ಬಿನಿಂದ ಹೊರಹಾಕಿದವನ ಕಲರ್ಸನ್ನು ಚಾಕುವಿನಿಂದ ಕೊಯ್ದು ತೆಗೆಯುವುದು ಅವರ ಕ್ರಮ. ತಂಗಿ ಬಿಚ್ಚಿ ಕೊಡಲಿ ಎಂದು ಅಣ್ಣ ಕೇಳಿಕೊಂಡಿದ್ದ. ಜಾಕೆಟ್ಟನ್ನೂ, ಕಾಪುವಿನಲ್ಲಿ ಸಿಕ್ಕಿದ ಹದ್ದನ್ನೂ ಮಿಷನ್ನಿನ ಮೇಲಿಟ್ಟು ನಡೆದದ್ದನ್ನು ಹೇಳಿದ.

“ಬ್ಲೇಡ್ ಬೇಡ ಮಾರಾಯ್ತಿ. ಚರ್ಮಕ್ಕೆ ತಾಗ್ತದೆ.”

ಒಂದೊಂದೇ ಹೊಲಿಗೆ ಬಿಚ್ಚಿದೆ. ಹೊರಗೆ ನಾಲ್ಕು ಹೆಜ್ಜೆ ಹೋಗಿ, ತಪ್ಪು ನನ್ನದು ಎಂದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆ ಅಲ್ಲ. ಒಂದು ಹೊಗಳಿಕೆಗೆ ಬಿದ್ದೆ ಎಂದು ಹೇಳಲು ನಾಚಿಕೆ. ಅಣ್ಣ ಎರಡು ಹದ್ದುಗಳನ್ನೂ ಪಕ್ಕದಲ್ಲಿಟ್ಟು ನೋಡಿದ.

“ಇದರಲ್ಲಿ ಕಣ್ಣು ಹೆಚ್ಚು ಚೆಂದ ಬಂದಿದೆ,” ಎಂದ. ಅವನು ತೋರಿಸಿದ್ದು ಕಾಪುವಿನದ್ದನ್ನು.

ಆ ವಿಷಯ ಮತ್ತೆ ಎತ್ತಲೇ ಇಲ್ಲ. ಒಮ್ಮೆ ಕಾರ್ಕಳಕ್ಕೆ ನನ್ನನ್ನು ಬೈಕಿನಲ್ಲಿ ಕರೆದುಕೊಂಡು ಹೋಗುವಾಗ ಹಿರಿಯಡ್ಕದ ಹತ್ತಿರ ಕ್ಲಬ್ಬಿನ ಬೈಕುಗಳ ಸಾಲು ಎದುರು ಬಂತು. ಬದಿಗೆ ನಿಲ್ಲಿಸಿ, ಕೊನೆಯ ಬೈಕು ದಾಟುವವರೆಗೆ ನೋಡಿದ. ಯಾರೂ ಕೈ ಎತ್ತಲಿಲ್ಲ...

ಕಳೆದ ವರ್ಷ ಅಣ್ಣ ಹೃದಯಾಘಾತದಲ್ಲಿ ಹೋದ. ಜಾಕೆಟ್ ಸಿಕ್ಕಿದ ಮರುದಿನ ನಾನು ಅವತ್ತು ಹೊರಗೆ ಕಾದಿದ್ದ ಹಿರಿಯರೊಬ್ಬರ ಮನೆಗೆ ಹೋಗಿ ಎಲ್ಲ ಹೇಳಿದೆ.

“ಅವತ್ತೇ ಹೇಳಿದ್ದರೆ ಕಲರ್ಸ್ ವಾಪಸ್ ಕೊಡುತ್ತಿದ್ದೆವು ತಂಗಿ. ಈಗ ಯಾರ ಬೆನ್ನಿಗೆ ಕೊಡುವುದು?”

ಬಟ್ಟೆಯಾದರೆ ಹೊಲಿಗೆ ಬಿಚ್ಚಿದ ತೂತು ಎರಡು ಸಲ ಒಗೆದರೆ ಮುಚ್ಚುತ್ತದೆ. ಚರ್ಮದಲ್ಲಿ ಹಾಗಲ್ಲ. ಚರ್ಮಕ್ಕೆ ಸೂಜಿ ಇಳಿದದ್ದು ಹದ್ದಿನ ಅಂಚಿನುದ್ದಕ್ಕೆ ಮಾತ್ರ, ಒಳಗಿನ ಕಸೂತಿಯೆಲ್ಲ ಬಟ್ಟೆಯ ಮೇಲೆ. ಎಣ್ಣೆ ಹಚ್ಚುವಾಗ ಹದ್ದಿನ ರೆಕ್ಕೆ, ಕೊಕ್ಕು, ಕಾಲಿನ ಅಂಚು ಎಲ್ಲ ಬೆರಳಿಗೆ ಸಿಗುತ್ತದೆ. ಕಣ್ಣು ಮಾತ್ರ ಇಲ್ಲ.