ಹೆರಿಗೆ ಕೋಣೆ ಮಹಡಿಗೆ ಹೋದದ್ದು

ಮೊನ್ನೆ ಕೆಲಸದಾಕೆ ನೆಲ ಒರೆಸಲು ಹೊಸದೊಂದು ಬಾಟಲಿಯ ಮುಚ್ಚಳ ತೆರೆದಳು. ಅಮೋನಿಯಾದ ಘಾಟು ಮೂಗಿಗೆ ಬಡಿದದ್ದೇ ತಡ, ಕಂಕನಾಡಿಯ ಆ ಮಾಳಿಗೆಯ ಆಫೀಸು ಕಣ್ಣೆದುರು ಬಂತು... ಅಲ್ಲಿ ನಕ್ಷೆಗಳ ಪ್ರತಿ ತೆಗೆಯುವಾಗ ಇದೇ ವಾಸನೆ. ಅರವತ್ತರ ದಶಕದ ಮೊದಲಲ್ಲಿ, ಮದುವೆಯಾದ ಹೊಸತರಲ್ಲಿ, ನಾನಲ್ಲಿ ನಕ್ಷೆ ಟ್ರೇಸ್ ಮಾಡುವ ಕೆಲಸದಲ್ಲಿದ್ದೆ. ನಮ್ಮ ಇಂಜಿನಿಯರರಿಗೆ ಆಗಲೇ ಐವತ್ತು ದಾಟಿತ್ತು. ಮೆತ್ತಗಿನ ಮಾತು, ಸಿಟ್ಟು ಬಂದರೆ ಇನ್ನೂ ಮೆತ್ತಗಾಗುತ್ತಿತ್ತು.

ಊರಿನ ಒಂದು ಆಸ್ಪತ್ರೆಗೆ ಅವರು ಹೊಸ ಕಟ್ಟಡ ಕಟ್ಟಿಸುತ್ತಿದ್ದರು. ಕೆಳಗಿನ ಗೋಡೆಗಳು ಮುಗಿಯುತ್ತಾ ಬಂದಾಗ ಅಲ್ಲಿನ ಹಿರಿಯ ನರ್ಸ್ ನಮ್ಮ ಆಫೀಸಿಗೆ ಬಂದರು.

“ಹೆರಿಗೆ ಕೋಣೆ ಮೇಲೆ ಮಾಡಿ ಸಾರ್. ಕೆಳಗಾದ್ರೆ ಕಿಟಕಿಯ ಆಚೆಯೇ ಮಾರ್ಕೆಟಿನ ಜನ. ನಮ್ಮ ಹೆಂಗಸರಿಗೆ ನರಳ್ಲಿಕ್ಕೂ ನಾಚಿಕೆ.”

ಬೇರೆಯವರಾಗಿದ್ದರೆ ಇನ್ನು ಆಗುವುದಿಲ್ಲ ಎನ್ನುತ್ತಿದ್ದರು. ಇವರು ಕುಳಿತು ಲೆಕ್ಕ ಹಾಕಿದರು. ಮೇಲೆ ನೀರಿನ ಟ್ಯಾಂಕು, ಭಾರದ ಸಾಮಾನು ಬರುತ್ತವೆ. ಕೆಳಗಿನ ಬೀಮುಗಳಿಗೆ ಹೆಚ್ಚು ಕಬ್ಬಿಣ ಬೇಕು. ನಾನು ಹೊಸ ನಕ್ಷೆ ಟ್ರೇಸ್ ಮಾಡಿದೆ. ಅವರೇ ಸೈಟಿಗೆ ಹೋಗಿ, ಹಳೆಯ ಪ್ರತಿಗಳನ್ನು ಒಬ್ಬೊಬ್ಬರಿಂದಲೂ ಕೇಳಿ ಪಡೆದು ಹರಿದುಹಾಕಿ, ಆಮೇಲೆ ಹೊಸದನ್ನು ಕೊಟ್ಟರು. ನಕ್ಷೆ ಬದಲಾದಾಗಲೆಲ್ಲ ಅದೇ ಅವರ ಕ್ರಮ. ಒಂದು ಪ್ರತಿ ಮಾತ್ರ ತಪ್ಪಿಸಿಕೊಂಡಿತ್ತು. ಕಂಬಿ ಕಟ್ಟುವವರು ಮದುವೆಗೆಂದು ಸುರತ್ಕಲ್‌ಗೆ ಹೋದಾಗ ಅದು ಅವರ ಚೀಲದಲ್ಲೇ ಉಳಿದಿತ್ತು.

ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಇಂಜಿನಿಯರರೊಂದಿಗೆ ನಾನೂ ಹೋಗಿದ್ದೆ. ಮೋಡ ಕವಿದಿತ್ತು. ಹೆಂಗಸರು ತಲೆಗೆ ಸಿಂಬಿ ಇಟ್ಟು, ಬಾಂಡ್ಲಿ ಹಿಡಿದು ಸಾಲಾಗಿ ನಿಂತಿದ್ದರು. ಇಂಜಿನಿಯರರು ಬೀಮಿನೊಳಗೆ ಬಗ್ಗಿ ನೋಡಿದರು. ಕಂಬಿ ಕಟ್ಟಿದ್ದು ಹಳೆಯ ನಕ್ಷೆಯಂತೆ.

“ನಿಲ್ಲಿಸಿ,” ಎಂದರು.

ಕಂಟ್ರಾಕ್ಟರು ತಲೆ ಚಚ್ಚಿಕೊಂಡರು. “ಎಂತ ಸಾರ್ ಇದು? ಮಳೆ ಬಂದೇ ಬಿಡ್ತದೆ. ಕಲಸಿದ್ದೆಲ್ಲ ಹಾಳು. ಎರಡು ಕಂಬಿ ಕಡಿಮೆ ಆದ್ರೆ ಬೀಳ್ತದಾ ಮಾರಾಯ್ರೇ?”

“ಗೊತ್ತಿಲ್ಲ. ಗೊತ್ತಿಲ್ಲದ್ದರ ಮೇಲೆ ಬಸುರಿಯರನ್ನು ಮಲಗಿಸ್ಲಿಕ್ಕೆ ಆಗುದಿಲ್ಲ.”

ಆಸ್ಪತ್ರೆಯ ಆಡಳಿತದವರೊಬ್ಬರು ಓಡಿಬಂದು, ಕೆಲಸ ನಿಲ್ಲಕೂಡದು ಎಂದು ಗದರಿದರು. ಇಂಜಿನಿಯರರು ವಾದಕ್ಕೆ ಹೋಗಲಿಲ್ಲ. ಚಪ್ಪಲಿ ಕಳಚಿ, ಇಸ್ತ್ರಿ ಹಾಕಿದ ಬಿಳಿ ಪ್ಯಾಂಟಿನಲ್ಲೇ ಆ ಕಂಬಿಗಳ ಮೇಲೆ ಕುಳಿತುಬಿಟ್ಟರು.

“ಸುರಿಯುದಾದ್ರೆ ಸುರೀರಿ.”

ಯಾರೂ ಸುರಿಯಲಿಲ್ಲ... ಮಧ್ಯಾಹ್ನ ಮಳೆ ಬಂತು.

ಕಂಬಿ ಸರಿಮಾಡಿ ಬೀಮು ಹಾಕಿಯಾಯಿತು, ಕಟ್ಟಡವೂ ಎದ್ದಿತು. ಆದರೆ ಆಡಳಿತದವರು ಮತ್ತೆ ಅವರನ್ನು ಕರೆಯಲಿಲ್ಲ. ಆಡಳಿತದವರ ಮಾತು ಕೇಳಿ ಬೇರೆಯವರೂ ಕೆಲಸ ಕೊಡಲು ಹಿಂಜರಿದರು. ಮರುವರ್ಷ ನಮ್ಮ ಆಫೀಸು ಮುಚ್ಚಿತು. ಆ ದಿನದ ಬಗ್ಗೆ ಇಂಜಿನಿಯರರು ಒಮ್ಮೆಯೂ ಗೊಣಗಿದ್ದನ್ನು ನಾನು ಕೇಳಿಲ್ಲ.

ನನ್ನ ಮಗಳು ಹುಟ್ಟಿದ್ದು ಅದೇ ಮಹಡಿಯ ಕೋಣೆಯಲ್ಲಿ. ಸುದ್ದಿ ತಿಳಿದು ಇಂಜಿನಿಯರರು ನೋಡಲು ಬಂದರು. ಬಂದವರು ಮೊದಲು ಹಿಮ್ಮಡಿಯಿಂದ ನೆಲವನ್ನೊಮ್ಮೆ ಗುದ್ದಿದರು. ಆಮೇಲೆ ಕೈ ಚಾಚಿ, “ಕೊಡು ಮಾರಾಯ್ತಿ, ಒಮ್ಮೆ ಎತ್ತಿಕೊಳ್ತೇನೆ,” ಎಂದರು. ಮಗು ಅವರ ಬೆರಳು ಹಿಡಿದದ್ದು ಬಿಡಲೇ ಇಲ್ಲ. ಅವರೂ ತುಂಬ ಹೊತ್ತು ಬಿಡಿಸಿಕೊಳ್ಳಲಿಲ್ಲ.

ಅವರು ತೀರಿಕೊಂಡಾಗ ನಾವು ಮುಂಬಯಿಯಲ್ಲಿದ್ದೆವು. ನನಗೆ ತಿಳಿದದ್ದು ತಡವಾಗಿ. ಈಗ ಆ ಮಗಳು ಪಡೀಲ್‌ನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಗೋಡೆ ಎದ್ದ ಮೇಲೆ ಅವಳಿಗೆ ಅಡುಗೆಕೋಣೆ ಮಹಡಿಯಲ್ಲಿ ಬೇಕೆನಿಸಿದೆ.

“ಆಗ್ತದಂತೆ ಮಮ್ಮಿ. ಇಂಜಿನಿಯರ್ ಫೋನಿನಲ್ಲೇ ಹೇಳಿದ್ರು,” ಎಂದಳು.

ನಮ್ಮ ಹಳೆಯ ಇಂಜಿನಿಯರರಲ್ಲಿ ಒಂದು ಮಾತು ಕೇಳಿ ಬರೋಣ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.