ಸೂಜಿಯ ಮರುದಿನ ಬರುವ ದಾನವ್ವ

ಶುಕ್ರವಾರದ ಬೆಳಗಿನ ಜಾವ. ಹಾಲಿನ ಬೂತಿನ ಮುಂದೆ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಶೆಟ್ಟಿಹಳ್ಳಿಯ ಈ ಬೀದಿ ಇನ್ನೂ ಮಲಗಿದೆ. ಫ್ಯಾಕ್ಟರಿಯ ಮೊದಲ ಪಾಳಿಯವರು ಊಟದ ಡಬ್ಬಿ ಹಿಡಿದು ಬಸ್ಸಿಗೆ ಕಾಯುತ್ತಿದ್ದಾರೆ. ಗುಲಾಬಿ ಬಣ್ಣದ ಸೀರೆಯ ಮೇಲೆ ಗಂಡನ ಹಳೆಯ ಸ್ವೆಟರ್ ಹಾಕಿಕೊಂಡ ದಾನವ್ವ ಅವರ ನಡುವೆ ದಾರಿ ಮಾಡಿಕೊಂಡು ಬಿರಬಿರನೆ ನಡೆಯುತ್ತಾರೆ. ಹೆಗಲ ಚೀಲದಲ್ಲಿ ಥರ್ಮಾಮೀಟರು, ಜ್ವರದ ಸಿರಪ್ಪು, ಒಂದು ಬಿಸ್ಕತ್ತಿನ ಪೊಟ್ಟಣ. ಬಿಸ್ಕತ್ತು ಮಕ್ಕಳಿಗಲ್ಲ, ಅವರಿಗೇ. "ಹಸಿದ ಹೊಟ್ಟ್ಯಾಗ ಮಂದಿ ಮನಿ ಬಾಗಲಕ್ಕ ಹೋಗಬಾರ್ದ್ರಿ. ಸಿಟ್ಟು ಲಗೂನ ಬರ್ತೈತಿ" ಎನ್ನುತ್ತಾರೆ.

ದಾನವ್ವ ಆಶಾ ಕಾರ್ಯಕರ್ತೆ. ಗುರುವಾರ ಅಂಗನವಾಡಿಯಲ್ಲಿ ಮಕ್ಕಳಿಗೆ ಲಸಿಕೆ. ಚುಚ್ಚುವುದು ನರ್ಸಮ್ಮನ ಕೆಲಸ, ಮಕ್ಕಳನ್ನು ಹುಡುಕಿ ಕರೆತರುವುದು ಇವರ ಕೆಲಸ. ಅಲ್ಲಿಗೆ ಮುಗಿಯಿತೆಂದು ಮನೆಗೆ ಹೋಗಿ ಕಾಲು ಚಾಚಿದರೆ ಬೇಡ ಎನ್ನುವವರು ಯಾರೂ ಇಲ್ಲ. ಆದರೂ ಇವರು ಮರುದಿನ ಬೆಳಕು ಹರಿಯುವ ಹೊತ್ತಿಗೆ, ಸೂಜಿ ಹಾಕಿಸಿಕೊಂಡ ಒಂದೊಂದು ಮಗುವಿನ ಬಾಗಿಲಿಗೂ ಹೋಗಿ ನಿಲ್ಲುತ್ತಾರೆ.

ಇಷ್ಟು ಬೇಗ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿದೆ. "ರಾತ್ರಿ ಕೂಸು ಅತ್ತಿರ್ತೈತಿ. ಗಂಡ ಹೆಂಡ್ತಿಗೆ ಬೈದಿರ್ತಾನ, ಯಾಕ ಹಾಕಿಸ್ಕೊಂಡು ಬಂದಿ ಅಂತ. ಅಂವ ಡ್ಯೂಟಿಗೆ ಹೋಗೂದ್ರೊಳಗ ನಾ ಹೋಗಿ ಆ ಬೈಗುಳ ನಾ ತಗೊಂಡ್ರ, ಆಕಿ ಮುಂದಿನ ಸೂಜಿಗೆ ಬರ್ತಾಳ." ಬೈಸಿಕೊಳ್ಳುವುದನ್ನೇ ಕೆಲಸದ ಒಂದು ಭಾಗ ಎಂದುಕೊಂಡವರನ್ನು ಈ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇವತ್ತು ಮೂರು ಬಾಗಿಲು ಸಲೀಸಾಗಿ ಮುಗಿದಿವೆ. ಉಳಿದಿರುವುದು ಒಂದು. ಅದು ಗಂಗರತ್ನಮ್ಮನ ಗೇಟು. ಈ ಹೆಸರು ಹೇಳುವಾಗ ದಾನವ್ವ ಚೀಲದ ಪಟ್ಟಿಯನ್ನು ಸುಮ್ಮನೆ ಸರಿಪಡಿಸಿಕೊಳ್ಳುತ್ತಾರೆ.

ಗಂಗರತ್ನಮ್ಮ ಇಲ್ಲಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಎರಡು ಅಂತಸ್ತಿನ ಮನೆ, ಹಿಂದೆ ಉದ್ದಕ್ಕೆ ಬಾಡಿಗೆ ವಠಾರ. ವಠಾರದ ತುಂಬ ದಾನವ್ವನ ಕಡೆಯ ಜನವೇ, ಬಾಗಲಕೋಟೆ, ಗದಗ, ಕೊಪ್ಪಳದವರು. ಎಲ್ಲರಿಗೂ ಇರುವುದು ಒಂದೇ ಗೇಟು. ನಾಲ್ಕು ವರ್ಷದಿಂದ ಆ ಗೇಟು ದಾನವ್ವನಿಗೆ ತೆರೆದಿಲ್ಲ. ಓನರಮ್ಮನಿಗೇ ಸೂಜಿ ಇಷ್ಟವಿಲ್ಲ ಎಂದುಕೊಂಡ ಬಾಡಿಗೆಯವರು ತಾವೂ ಮಕ್ಕಳನ್ನು ಕರೆತರುವುದು ಬಿಟ್ಟಿದ್ದಾರೆ. ದಡಾರ ಒಂದು ಮಗುವಿಗೆ ಬಂದರೆ ಗೋಡೆಗೆ ಗೋಡೆ ಅಂಟಿಕೊಂಡ ಆ ಸಾಲಿನಲ್ಲಿ ಉಳಿದ ಮಕ್ಕಳ ಗತಿ ಏನು ಎಂಬ ಚಿಂತೆ ದಾನವ್ವನನ್ನು ಹಬ್ಬದ ದಿನವೂ ಬಿಟ್ಟಿಲ್ಲ.

ಹೀಗಿರುವಾಗ ನಿನ್ನೆ ಗಂಗರತ್ನಮ್ಮನ ಸೊಸೆ ಮಂಜುಶ್ರೀ, ಯಾರೂ ಕರೆಯದೆ ತಾನಾಗಿಯೇ ಒಂದೂವರೆ ವರ್ಷದ ಮಗನನ್ನು ಎತ್ತಿಕೊಂಡು ಅಂಗನವಾಡಿಗೆ ಬಂದಿದ್ದಳು. ತಪ್ಪಿಹೋಗಿದ್ದ ದಡಾರದ ಸೂಜಿಯ ಜೊತೆಗೆ ಇನ್ನೊಂದೂ ಆಯಿತು. ರಾತ್ರಿ ಜ್ವರ ಬರಬಹುದು, ಬಂದರೆ ಫೋನು ಮಾಡು ಎಂದು ದಾನವ್ವ ಹೇಳಿ ಕಳಿಸಿದ್ದರು. ಫೋನು ಬರಲಿಲ್ಲ. ಮಗು ಚೆನ್ನಾಗಿದೆಯೆಂದು ಬರಲಿಲ್ಲವೋ, ಅತ್ತೆ ಫೋನು ಕಿತ್ತುಕೊಂಡರೋ ಗೊತ್ತಿಲ್ಲ. ಇವತ್ತು ಈ ಗೇಟಿನಲ್ಲಿ ಒಳ್ಳೆಯ ಮಾತು ಕೇಳಿದರೆ ಇಡೀ ವಠಾರದ ಮಕ್ಕಳು ಮುಂದಿನ ಗುರುವಾರ ಬರುತ್ತಾರೆ. ಕೆಟ್ಟ ಮಾತು ಕೇಳಿದರೆ ಇನ್ನು ಯಾವ ಗುರುವಾರವೂ ಬರುವುದಿಲ್ಲ.

ಬಾದಾಮಿಯ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದಾಗ ದಾನವ್ವನಿಗೆ ಬೆಂಗಳೂರೆಂದರೆ ಯಶವಂತಪುರದ ಈರುಳ್ಳಿ ಮಂಡಿ ಮಾತ್ರ. ಗಂಡ ಸಂಗಪ್ಪ ಅಲ್ಲಿ ಹಮಾಲಿ. ಮೊದಮೊದಲು ಇವರೂ ಮಂಡಿಯಲ್ಲಿ ಈರುಳ್ಳಿ ಆರಿಸಿದ್ದಾರೆ, ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸಿದ್ದಾರೆ. ಹತ್ತನೇ ತರಗತಿ ಪಾಸಾಗಿದ್ದು ಆಶಾ ಕೆಲಸಕ್ಕೆ ಒದಗಿತು. ಈಗ ದಿನಕ್ಕೆ ಇಪ್ಪತ್ತೈದು ಮೂವತ್ತು ಮನೆ ಸುತ್ತುತ್ತಾರೆ. ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯ ಅಜ್ಜ, ಎಲ್ಲರ ಸಮಾಚಾರವೂ ಬೇಕು. ಮೆಟ್ಟಿಲು ಹತ್ತಿ ಇಳಿದು ಮಂಡಿ ನೋವು ಬಂದಿದೆ. ಅದನ್ನು ಕೇಳಿದರೆ, ಈರುಳ್ಳಿ ಮಂಡಿಯೂ ಬಿಡಲಿಲ್ಲ, ಈ ಮಂಡಿಯೂ ಬಿಡಲಿಲ್ಲ ಎಂದು ನಗುತ್ತಾರೆ.

ಕೊರೋನಾ ಬಂದ ವರ್ಷ ಈ ಸೀರೆ ಕಂಡರೆ ಜನ ಕಿಟಕಿ ಮುಚ್ಚುತ್ತಿದ್ದರು. ಹಾಲಿನ ಪ್ಯಾಕೆಟ್ಟಿಗೆ ಸೋಪು ಹಚ್ಚಿ ತೊಳೆಯುತ್ತಿದ್ದ ದಿನಗಳವು. ಮಕ್ಕಳು ಮಹಡಿಯ ಮೇಲಿಂದ ಕೊರೋನಾ ಆಂಟಿ ಬಂದ್ರು ಎಂದು ಕೂಗುತ್ತಿದ್ದವು. ದಾನವ್ವ ಅದನ್ನೂ ನುಂಗಿಕೊಂಡರು. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಮರುವರ್ಷದ ಒಂದು ಧ್ವನಿ ಸಂದೇಶ.

ಲಸಿಕೆ ಮೊದಲು ಸಿಕ್ಕವರಲ್ಲಿ ಆಶಾಗಳೂ ಇದ್ದರು. ಜನರ ಭಯ ಹೋಗಲಿ ಎಂದು ದಾನವ್ವ ಬೀದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ತಮ್ಮ ಅನುಭವವನ್ನು ಮಾತಾಡಿ ಕಳಿಸಿದರು. ಸೂಜಿ ಹಾಕಿಸಿಕೊಂಡ ರಾತ್ರಿ ಮೈಯೆಲ್ಲ ಕೆಂಡವಾಯಿತು, ಎದ್ದು ನಿಲ್ಲಲಾಗಲಿಲ್ಲ, ಸತ್ತೇ ಹೋಗುತ್ತೇನೆ ಅನ್ನಿಸಿತು ಎಂದು ಮೊದಲಿಗೆ ಹೇಳಿದ್ದರು. ಮೂರನೆಯ ದಿನ ಎದ್ದು ರೊಟ್ಟಿ ಬಡಿದೆ, ಈಗ ಗಟ್ಟಿಯಾಗಿದ್ದೇನೆ, ಎಲ್ಲರೂ ಹಾಕಿಸಿಕೊಳ್ಳಿ ಎಂಬುದು ಆಮೇಲಿನ ಮಾತು. ಊರಿಗೆ ಹರಡಿದ್ದು ಮೊದಲಿನ ಮಾತಷ್ಟೇ. ಸತ್ತೇ ಹೋಗುತ್ತೇನೆ ಎಂಬಲ್ಲಿಗೆ ದನಿ ನಿಂತುಹೋಗಿತ್ತು.

ಅದು ತಿರುಗಿ ತಿರುಗಿ ಒಂದು ವಾರದಲ್ಲಿ ದಾನವ್ವನ ಫೋನಿಗೇ ಬಂತು. ಕಳಿಸಿದವಳು ಬಾದಾಮಿಯಲ್ಲಿರುವ ಒಡಹುಟ್ಟಿದ ತಂಗಿ. "'ಅಕ್ಕಾ, ಯಾರೋ ಆಶಾ ಕಾರ್ಯಕರ್ತೆನೇ ಹೇಳ್ಯಾಳ ಕೇಳು, ನೀ ಮಾತ್ರ ಸೂಜಿ ಹಾಕಿಸ್ಕೋಬ್ಯಾಡ' ಅಂತ ಬರದಿದ್ಲ್ರಿ. ನನ್ನ ದನಿ ನನ್ನ ತಂಗಿಗೇ ಗುರ್ತ ಸಿಗ್ಲಿಲ್ಲ" ಎಂದು ಹೇಳುವಾಗ ಈಗ ನಗು ಬರುತ್ತದೆ. ಆಗ ಅತ್ತಿದ್ದರು. ಮೇಲಿನವರು ಕರೆಸಿ ಕೇಳಿದರು, ಪೂರ್ತಿ ಮಾತು ಕೇಳಿಸಿದ ಮೇಲೆ ಬಿಟ್ಟರು. ಬೀದಿ ಬಿಡಲಿಲ್ಲ. ಹೋದಲ್ಲೆಲ್ಲ, ನೀವೇ ಬೇಡ ಅಂದಿದ್ರಲ್ಲ ಎಂಬ ಮಾತು. ಗಂಗರತ್ನಮ್ಮನ ಗೇಟು ಮುಚ್ಚಿದ್ದೂ ಆಗಲೇ.

ಬೇಕೆಂದೇ ಕತ್ತರಿಸಿದವರು ಯಾರು ಎಂಬ ಪ್ರಶ್ನೆ ದಾನವ್ವನ ತಲೆಯಲ್ಲಿ ಹುಳ ಬಿಟ್ಟಿತು. ಅವರ ಲೆಕ್ಕಾಚಾರ ಸರಳ. ದನಿ ಕತ್ತರಿಸಲು ಕಸುಬು ಗೊತ್ತಿರಬೇಕು. ಈ ಬೀದಿಯಲ್ಲಿ ಹಬ್ಬ ಹಬ್ಬಕ್ಕೂ ತನ್ನದೇ ಫೋಟೊ ಹಾಕಿ, ಹಾಡು ಕೂಡಿಸಿ, ಶುಭಾಶಯದ ವಿಡಿಯೊ ಮಾಡಿ ಕಳಿಸುವವರು ಮೆಡಿಕಲ್ ಶಾಪಿನ ನಾಗಭೂಷಣ ಒಬ್ಬರೇ. ಅಲ್ಲಿಗೆ ತೀರ್ಪಾಯಿತು. ಅಂದಿನಿಂದ ದಾನವ್ವ ಆ ಅಂಗಡಿಯ ಮುಂದೆ ಹಾಯುವುದಿಲ್ಲ. ತಲೆನೋವಿನ ಮಾತ್ರೆ ಬೇಕಾದರೂ ಸುತ್ತುಬಳಸಿ ಜಾಲಹಳ್ಳಿಯ ದಾರಿ ಹಿಡಿಯುತ್ತಾರೆ.

ಆ ಪೆಟ್ಟು ಒಂದು ಅಭ್ಯಾಸವನ್ನೂ ಕಲಿಸಿತು. ಯಾರೇ ಫೋನು ಮುಂದೆ ಹಿಡಿದು ಇದನ್ನ ನೋಡಿ ಎಂದರೂ ದಾನವ್ವ ಅದು ಸುಳ್ಳು ಎನ್ನುವುದಿಲ್ಲ. ಕೂತು ಕೊನೆಯವರೆಗೆ ನೋಡುತ್ತಾರೆ. ಪಂಕ್ಚರ್ ಅಂಗಡಿಯ ಜಿಯಾವುಲ್ಲಾ ಹೀಗೆ ಒಮ್ಮೆ, ಸೂಜಿ ಹಾಕಿಸಿಕೊಂಡ ತೋಳಿಗೆ ನಾಣ್ಯ ಅಂಟುವ ವಿಡಿಯೊ ತೋರಿಸಿದ್ದರು. ಪೂರ್ತಿ ನೋಡಿದ ದಾನವ್ವ ಒಂದು ನಾಣ್ಯ ತೆಗೆದು, ಬಿಸಿಲಲ್ಲಿ ಟ್ಯೂಬು ತಿಕ್ಕಿ ಬೆವೆತಿದ್ದ ಅವರ ಹಣೆಗೇ ಒತ್ತಿದರು. ನಾಣ್ಯ ನಿಂತಿತು. ಜಿಯಾವುಲ್ಲಾ ಇನ್ನೂ ಸೂಜಿ ಹಾಕಿಸಿಕೊಂಡಿರಲಿಲ್ಲ. "ಅಕ್ಕಾ, ಮಾನ ತೆಗೀಬೇಡಿ, ನಾಳೆ ಬರ್ತೀನಿ" ಎಂದವರು ಮಾತಿಗೆ ತಪ್ಪಲಿಲ್ಲ.

ಈಗ ಕೊರೋನಾ ಮಾತು ಹಳತಾಗಿದೆ. ಮಾಸ್ಕುಗಳು ಸ್ಕೂಟರ್ ಒರೆಸುವ ಬಟ್ಟೆಯಾಗಿವೆ. ಆದರೆ ಆ ಕಾಲದ ಹೆದರಿಕೆ ಹೊಸ ವೇಷ ಹಾಕಿ ರೀಲ್ಸಿನಲ್ಲಿ ಕುಣಿಯುತ್ತಿದೆ, ಈ ಸಲ ಮಕ್ಕಳ ಸೂಜಿಯ ಮೇಲೆ. ದಾನವ್ವ ಅಂಥ ತಾಯಂದಿರಿಗೆ ಕೇಳುವುದು ಒಂದೇ ಮಾತು. "ಈ ರೀಲ್ಸ್ ಮಾಡಿದಾಕಿ ನಾಳೆ ನಿನ್ನ ಕೂಸಿಗೆ ಜ್ವರ ಬಂದ್ರ ನೋಡಾಕ ಬರ್ತಾಳೇನವಾ? ನಾ ಬರ್ತೀನಿ."

ಆ ಮಾತಿಗಾಗಿಯೇ ಇವತ್ತು ಗಂಗರತ್ನಮ್ಮನ ಗೇಟಿನವರೆಗೂ ಬಂದಿದ್ದಾರೆ. ಚಿಲಕ ಬಡಿಯಲು ಕೈ ಎತ್ತುವಷ್ಟರಲ್ಲಿ ಗೇಟು ಒಳಗಿನಿಂದಲೇ ತೆರೆಯುತ್ತದೆ. ಗಂಗರತ್ನಮ್ಮ ನಿಂತಿದ್ದಾರೆ, ಕಣ್ಣು ಕೆಂಪಾಗಿದೆ.

"ರಾತ್ರಿ ಮಗೀಗೆ ಜ್ವರ ಬಂದಿತ್ತು" ಎನ್ನುತ್ತಾರೆ.

ದಾನವ್ವ ಚೀಲದಿಂದ ಥರ್ಮಾಮೀಟರು ತೆಗೆಯುತ್ತಾರೆ. ಬೈಗುಳಕ್ಕೆ ಮೈಯೊಡ್ಡಿ ನಿಂತಿದ್ದಾರೆ.

"ಅದೇನೂ ಬ್ಯಾಡ. ಇಳೀತು. ಈಗ ಮಲ್ಗವ್ನೆ. ನೀನ್ ಒಳೀಕ್ ಬಾ."

ಒಳಗೆ ಮಂಜುಶ್ರೀಯ ಮಡಿಲಲ್ಲಿ ಮಗು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದೆ. ದಾನವ್ವ ಕೈಯಿಟ್ಟು ನೋಡುತ್ತಾರೆ, ಮೈ ತಣ್ಣಗಿದೆ. ಅವರಿಗೆ ಮಂಡಿ ನೋವಿರುವುದು ಆಗ ನೆನಪಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಗಂಗರತ್ನಮ್ಮ ಮಾತ್ರ ಕೂರುವುದಿಲ್ಲ.

"ಆವತ್ತಿಂದು ನಿನ್ ಮಾತು, ಅದ್ನ ಅರ್ಧ ಮಾಡಿದ್ದು ನಾನೇ ಕಣಮ್ಮ" ಎನ್ನುತ್ತಾರೆ. "ಬೋ ಚೆನ್ನಾಗಿ ಏಳಿದ್ದೆ. ನಮ್ ನೆಂಟ್ರೂ ಕೇಳ್ಲಿ ಅಂತ ಆಸೆ ಆಯ್ತು. ಇದ್ದಂಗೇ ಮುಂದುಕ್ ಕಳ್ಸೋದು ನಂಗ್ ಬರ್ತಿರ್ನಿಲ್ಲ. ನಮ್ಮನೆಯೋರ ಪೋನಾಗೆ ನಿನ್ ಮಾತ್ ಆಕಿ, ನನ್ ಪೋನು ಅದ್ರ ಪಕ್ಕ ಇಡ್ದು, ಆ ಮೈಕ್ ಗುರ್ತು ಒತ್ಕೊಂಡು ಕೂತಿದ್ದೆ. ಒಲೆ ಮೇಲೆ ಆಲು ಉಕ್ತು. ಓಡೋದೆ. ಬೆರ್ಳು ತೆಗೆದೇಟ್ಗೆ ಅಲ್ಲೀಗಂಟ ಆಗಿದ್ದಷ್ಟೇ ಓಗ್ಬುಟ್ಟೈತೆ. ಪೂರ್ತಿ ಓಯ್ತು ಅಂತ್ಲೇ ನಾನ್ ಅಂದ್ಕೊಂಡಿದ್ದೆ."

ತಿಳಿದದ್ದು ಕೆಂಪಾಪುರದಲ್ಲಿರುವ ಅವರ ಅಕ್ಕ ಫೋನು ಮಾಡಿದಾಗ. ಒಳ್ಳೇದೇ ಕಳಿಸಿದೆ, ನಾನಂತೂ ಹಾಕಿಸಿಕೊಳ್ಳಲ್ಲ ಎಂದರಂತೆ ಅಕ್ಕ. ಗಂಗರತ್ನಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅಷ್ಟರಲ್ಲಿ ಆ ಅರ್ಧ ಮಾತು ಊರೂರು ತಿರುಗುತ್ತಿತ್ತು. ಮುಂದೆ ಅಕ್ಕನಿಗೆ ಸೋಂಕು ತಗುಲಿ, ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು, ಹೇಗೋ ಬದುಕಿ ಬಂದರು.

"ನಿನ್ ಮಕ ಎಂಗೆ ನೋಡ್ಲಿ ಏಳು? ನೀನ್ ಗೇಟ್ ತಾವ ಬಂದ್ರೆ ನಂಗೆ ಎದೆ ಒಡ್ಕೊಳ್ಳೋದು. ಅದ್ಕೇ ಬಿಡ್ಬ್ಯಾಡಿ ಅಂದಿದ್ದೆ. ಸೂಜಿ ಬ್ಯಾಡ ಅಂತ ನಾನ್ ಯಾವತ್ತೂ ಅಂದಿಲ್ಲ. ರಾತ್ರಿ ಮಗ ಸುಡ್ತಿದ್ದಾಗ ಇವ್ಳು, ಬೆಳಿಗ್ಗೆ ದಾನವ್ವ ಬತ್ತಾರೆ ಬುಡಿ ಅತ್ತೆ ಅಂದ್ಲು. ಇಷ್ಟಾದ್ರೂ ಬತ್ತಾಳಾ ಅಂತ ಗೇಟ್ ತಾವ್ಲೇ ನಿಂತ್ಕೊಂಡೆ."

ದಾನವ್ವ ಕೈಯಲ್ಲಿದ್ದ ಥರ್ಮಾಮೀಟರನ್ನು ಚೀಲಕ್ಕೆ ಹಾಕುತ್ತಾರೆ. ಆಮೇಲೆ ನಗು ಶುರುವಾಗುತ್ತದೆ. ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲುವುದಿಲ್ಲ, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. "ಹಾಲು ಉಕ್ಕಿದ್ದೇನ್ರಿ" ಎಂದು ಎರಡು ಸಲ ಕೇಳುತ್ತಾರೆ. "ಅಂದ್ರ ನನ್ನ ಮ್ಯಾಲ ಯಾರಿಗೂ ಸಿಟ್ಟು ಇದ್ದಿದ್ದಿಲ್ಲ. ಇದೊಂದು ತಿಳೀದನ ಎಷ್ಟ್ ಮಂದೀನ ಮನಸಿನ್ಯಾಗ ಬೈಕೊಂಡು ತಿರಗೀನ್ರಿ ಅಮ್ಮಾರ." ಎದೆಯ ಮೇಲಿನ ಚಪ್ಪಡಿ ಇಳಿದವರ ಮುಖ ಹೇಗಿರುತ್ತದೆಂದು ನೋಡಬೇಕಿದ್ದರೆ ಆ ಹೊತ್ತಿನಲ್ಲಿ ಅಲ್ಲಿರಬೇಕಿತ್ತು.

ಗಂಗರತ್ನಮ್ಮ ಈಗ ವಠಾರದವರಿಗೆಲ್ಲ ತಾನೇ ಹೇಳುತ್ತೇನೆಂದು ಫೋನು ತೆಗೆಯುತ್ತಾರೆ. ದಾನವ್ವ ತಡೆದು ಒಂದು ಮಾತು ಹೇಳಿಕೊಡುತ್ತಾರೆ. "ಮದ್ಲ ಕೂಸು ಆರಾಮ ಐತಿ ಅನ್ರಿ. ಜ್ವರದ್ದು ಆಮ್ಯಾಲ ಹೇಳ್ರಿ. ಎಲ್ಲಿ ಬೆರಳು ತೆಗೆದ್ರೂ ಚಿಂತಿಲ್ಲ." ಗಂಗರತ್ನಮ್ಮ ಹಾಗೆಯೇ ಹೇಳುತ್ತಾರೆ. ಮಾತು ಮುಗಿಯುವವರೆಗೂ ಮಂಜುಶ್ರೀ ಅತ್ತೆಯ ಹೆಬ್ಬೆರಳನ್ನು ಬಿಟ್ಟು ಬೇರೆಡೆ ನೋಡುವುದಿಲ್ಲ.

ಕಾಫಿ ಮುಗಿಸಿ ಹೊರಬರುವಷ್ಟರಲ್ಲಿ ವಠಾರದ ನಲ್ಲಿಯ ಹತ್ತಿರ ಸುದ್ದಿ ತಲುಪಿದೆ. ಗಾರ್ಮೆಂಟ್ಸಿಗೆ ಹೊರಟಿದ್ದ ವನಿತಾ ಎಂಬ ಗದಗದ ಹುಡುಗಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಬಂದು, ನಮ್ಮದಕ್ಕೂ ಹಾಕ್ತಾರೇನ್ರಿ ಎಂದು ಕೇಳುತ್ತಾಳೆ. ಅವಳ ಹಿಂದೆ ಇನ್ನಿಬ್ಬರು ತಮ್ಮ ಮಕ್ಕಳನ್ನು ಎತ್ತಿಕೊಂಡು ನಿಂತಿದ್ದಾರೆ. ದಾನವ್ವ ಮೂರೂ ಮಕ್ಕಳ ಕೆನ್ನೆ ಮುಟ್ಟಿ, ಮುಂದಿನ ಗುರುವಾರ ಅಂಗನವಾಡಿಗೆ ಬರಲು ಹೇಳುತ್ತಾರೆ.

ಹೊಗಳಿಕೆ, ಸನ್ಮಾನ, ಶಾಲು, ಹಾರ ಇವುಗಳಲ್ಲಿ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ದಾನವ್ವ ತಲೆಯಾಡಿಸುತ್ತಾರೆ. ಬಿಸಿಲಿಗೆ ಶಾಲು ಹೊದ್ದು ಏನು ಮಾಡಲಿ ಎನ್ನುತ್ತಾರೆ. ಆಮೇಲೆ ತುಸು ನಾಚಿಕೊಂಡು, ಒಂದು ಕೆಲಸ ಬಾಕಿ ಇದೆ, ಅದಾದರೆ ಸಾಕು ಎಂದು ಜಾಲಹಳ್ಳಿಯ ದಾರಿ ಬಿಟ್ಟು ನೇರ ಬೀದಿ ಹಿಡಿಯುತ್ತಾರೆ.

ಮೆಡಿಕಲ್ ಶಾಪಿನ ಶಟರು ಆಗಷ್ಟೇ ಮೇಲೇರುತ್ತಿದೆ. ನಾಗಭೂಷಣ ಊದುಬತ್ತಿ ಹಚ್ಚಲು ಕಡ್ಡಿ ಗೀರುತ್ತಿದ್ದವರು ಇವರನ್ನು ಕಂಡು ನಿಲ್ಲಿಸುತ್ತಾರೆ. ದಾನವ್ವ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಾರೆ.

"ಏನಮ್ಮಾ ದಾನವ್ವಾ, ಈ ಕಡೆ ಕಾಣ್ಲೇ ಇಲ್ವಲ್ಲ" ಎಂದು ಅವರೇ ಶುರು ಮಾಡುತ್ತಾರೆ. "ನಿಮ್ಮನ್ನ ಬೇರೆ ಏರಿಯಾಗೆ ಹಾಕ್ಬಿಟ್ರು ಅನ್ಕೊಂಡಿದ್ದೆ ಕಣ್ರೀ."

"ಹೂಂನ್ರಿ ಅಣ್ಣಾರ" ಎನ್ನುತ್ತಾರೆ ದಾನವ್ವ. "ಇವತ್ತ ವಾಪಸ್ ಬಂದೀನಿ."