ಚಿಗರಿ ಮರಿ ಮುಟ್ಟಿದ ಭಾನುವಾರ

ಬರದ ಆ ವರ್ಷಗಳಲ್ಲಿ ನನ್ನ ವರದಿಗಳು ಬಹುತೇಕ ಬೀಗದ ಮಾತಿನಿಂದಲೇ ಶುರುವಾಗುತ್ತಿದ್ದವು. ಬೀದರ್ ಜಿಲ್ಲೆಯ ಮಟ್ಟಿಗೆ ನಮ್ಮ ಪತ್ರಿಕೆಗೆ ನಾನೊಬ್ಬನೇ ವರದಿಗಾರ. ಬೆಳಗಿನ ಬಸ್ಸಿಗೆ ಭಾಲ್ಕಿಗೋ ಔರಾದಿಗೋ ಹೋಗುವುದು, ಒಂದು ಊರು ಸುತ್ತುವುದು, ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ ಎಂದು ನೋಡುವುದು, ಯಾರು ಹೈದರಾಬಾದಿಗೆ, ಯಾರು ಪುಣೆಗೆ, ಯಾರು ಕಬ್ಬು ಕಡಿಯಲು ಗಡಿಯಾಚೆಗೆ ಹೋದರು ಎಂದು ಉಳಿದವರನ್ನು ಕೇಳಿ ಬರೆದುಕೊಳ್ಳುವುದು, ಸಂಜೆಯೊಳಗೆ ಕಳಿಸುವುದು. ಮೆಹಕರದ ವರದಿಯಲ್ಲಿ ಊರಿನ ಹೆಸರು ಬದಲಿಸಿದರೆ ಸಾಯಗಾಂವದ ವರದಿಯಾಗುತ್ತಿತ್ತು. ಇದು ನನಗೂ ಗೊತ್ತಿತ್ತು, ಡೆಸ್ಕಿಗೂ ಗೊತ್ತಿತ್ತು.

ಒಂದು ದಿನ ಸುದ್ದಿ ಸಂಪಾದಕರು ಫೋನ್ ಮಾಡಿದರು. "ಬೀಗ ಸಾಕು ಮಾರಾಯ್ರೆ. ಜೀವ ಇರೋದು ಏನಾದ್ರೂ ಇದ್ರೆ ಒಂದು ಭಾನುವಾರದ ಪುಟಕ್ಕೆ ಕಳಿಸಿ. ಫೋಟೋ ಇರಲಿ."

ಹಾಗಾಗಿ ನಾನು ಮಾಸ್ತರರ ಜೀಪು ಹತ್ತಿದೆ.

ಮಾಸ್ತರರು ಔರಾದ್ ತಾಲ್ಲೂಕಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಭಾನುವಾರ ಮಾತ್ರ ಕ್ಯಾಮೆರಾ ಇದ್ದವರನ್ನು ಡಾಬಕಾ ಕಡೆಯ ಬಯಲಿಗೆ ಕೃಷ್ಣಮೃಗ ತೋರಿಸಲು ಕರೆದೊಯ್ಯುತ್ತಿದ್ದರು. ನಮ್ಮ ಕಡೆ ಅದನ್ನು ಚಿಗರಿ ಅನ್ನುತ್ತಾರೆ. ಒಂದು ಸಲಕ್ಕೆ ನಾಲ್ಕೇ ಜನ. ಐದನೆಯವರು ಕೇಳಿದರೆ ಮುಂದಿನ ವಾರ ಬನ್ನಿ ಎನ್ನುತ್ತಿದ್ದರು. ದೊಡ್ಡ ಕಾಡು ಎಂದು ಕಲ್ಪಿಸಿಕೊಂಡು ಬಂದವರಿಗೆ ನಿರಾಶೆಯಾಗುತ್ತಿತ್ತು. ಅಲ್ಲಿದ್ದದ್ದು ತೊಗರಿ ಕೊಯ್ದ ಹೊಲಗಳು, ಒಣ ಹುಲ್ಲಿನ ಒಡ್ಡುಗಳು, ಜಾಲಿ ಗಿಡಗಳು, ತಳದಲ್ಲಿ ಒಂದಿಷ್ಟು ನೀರು ಉಳಿಸಿಕೊಂಡಿದ್ದ ಒಂದು ಕೆರೆ.

ಅವತ್ತಿನ ನಾಲ್ಕು ಜನರಲ್ಲಿ ನಾನೊಬ್ಬ. ಇನ್ನೊಬ್ಬರು ಬೀದರಿನ ನಿವೃತ್ತ ನರ್ಸ್, ಎಲ್ಲರೂ ಸಿಸ್ಟರ್ ಎಂದು ಕರೆಯುತ್ತಿದ್ದವರು. ಮಿಷನ್ ಕಾಲದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಇಡೀ ಸೇವೆ ಮುಗಿಸಿ, ನಿವೃತ್ತಿಯಾದ ಮೇಲೆ ಕ್ಯಾಮೆರಾ ಕೊಂಡಿದ್ದರು. ಚರ್ಚಿನ ಹೊತ್ತಿಗೆ ವಾಪಸಾಗಲಾರೆ ಎಂದು ಪಾಸ್ಟರಿಗೆ ಶನಿವಾರವೇ ಹೇಳಿ ಬಂದಿದ್ದರು. ಉಳಿದ ಇಬ್ಬರು ಭಾಲ್ಕಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವ ಭಾವ-ಮೈದುನ. ಆ ವರ್ಷ ಲಗ್ನಗಳು ಕಡಿಮೆ. ಕೈ ಜಡ್ಡುಗಟ್ಟಬಾರದೆಂದು ಬಂದೆವು ಎಂದರು.

ಔರಾದಿನ ಬಸ್ ನಿಲ್ದಾಣದೆದುರು ಚಹಾ ಕುಡಿಯುವಾಗ ಮಾಸ್ತರರು ನಿಯಮ ಹೇಳಿದರು. "ಅತ್ತರ್ ಹಚ್ಚಿಕೊಂಡು ಬಂದವರು ಯಾರರೆ ಇದ್ರ ಈಗೇ ತೊಳಕೋರಿ. ಮಾತು ಕಮ್ಮಿ. ಓಡಂಗಿಲ್ಲ. ನಾ ಹೇಳಲಾರದೆ ಜೀಪ್ ಬಿಟ್ಟು ದೂರ ಹೋಗಂಗಿಲ್ಲ."

ಮೈದುನ ಭಾವನ ಕುತ್ತಿಗೆ ಮೂಸಿದ. "ಮಾಸ್ತರ, ಇವರನ್ನ ಇಲ್ಲೇ ಬಿಟ್ಟು ಹೋಗೋಣ್ರಿ."

"ಲೇ ತಮ್ಮಾ, ನಿಮ್ಮಕ್ಕ ಹಚ್ಚಿ ಕಳಿಸ್ಯಾಳ. ಅಕಿಗೆ ಹೋಗಿ ಕೇಳು."

ಬೆಳಗಿನ ಕೆಲಸ ಚೆನ್ನಾಗಿಯೇ ಆಯಿತು. ಸೂರ್ಯ ಏರುವ ಮೊದಲೇ ಹಿಂಡು ಕೆರೆಗೆ ಇಳಿಯಿತು. ಕಪ್ಪು ಬೆನ್ನಿನ ಒಂದು ಗಂಡು ಒಡ್ಡಿನ ಮೇಲೆ ನಿಂತು ನಮ್ಮ ಕಡೆಗೇ ನೋಡಿತು. ಸ್ಟುಡಿಯೋದ ಭಾವ ಅಭ್ಯಾಸಬಲದಿಂದ ಪಿಸುಗುಟ್ಟಿದರು: "ಸೊಲ್ಪ ಗದ್ದ ಕೆಳಗ... ಹಾಂ, ಬಸ್." ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರ ಆ ಹೊತ್ತಿನ ಫೋಟೋಗಳೆಲ್ಲ ಅಲ್ಲಾಡಿಹೋದವು.

ಬಿಸಿಲು ಏರಿದಾಗ ಹಿಂಡು ಚದುರಿತು. ಮುಂದಿನ ಹೊಲದಲ್ಲಿ ಚಿಗರಿಗಳಿಗೆಂದು ತಾವು ಇರಿಸಿದ್ದ ಕಲ್ಲಿನ ಬಾನಿಯಲ್ಲಿ ನೀರಿದೆಯೇ ನೋಡಿ ಬರುತ್ತೇನೆಂದು ಮಾಸ್ತರರು ಹೋದರು. ನಮ್ಮನ್ನು ಜಾಲಿ ನೆರಳಲ್ಲಿ ಕೂರಿಸಿದ್ದರು. ನಾನು ಕೂರಲಿಲ್ಲ. ಪುಟ ತುಂಬಲು ನನಗೆ ಇನ್ನೂ ನಾಲ್ಕು ಸಾಲು ಬೇಕಿತ್ತು. ಒಡ್ಡು ಹಿಡಿದು ನಡೆದೆ.

ಮರಿ ಕಂಡದ್ದು ಅಲ್ಲಿ. ಒಣ ಹುಲ್ಲಿನ ನಡುವೆ, ಹುಲ್ಲಿನದೇ ಬಣ್ಣ. ಕುತ್ತಿಗೆಯನ್ನು ನೆಲಕ್ಕೆ ಚಾಚಿ, ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು ಮಲಗಿತ್ತು. ಹುಟ್ಟಿ ಎರಡು ಮೂರು ದಿನವಾಗಿರಬಹುದು. ಕಣ್ಣಿನ ಹತ್ತಿರ ನೊಣ ಕೂತಿದ್ದರೂ ಅದು ಕಣ್ಣು ಮಿಟುಕಿಸಲಿಲ್ಲ. ಸುತ್ತಲೂ ನೋಡಿದೆ. ತಾಯಿ ಇರಲಿಲ್ಲ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕಾದೆ. ಹತ್ತು ನಿಮಿಷ ಕಾದದ್ದರಿಂದ ವಿಷಯ ಖಚಿತವಾಯಿತು ಎಂದುಕೊಂಡೆ. ಟಿಪ್ಪಣಿ ಪುಸ್ತಕ ತೆಗೆದು ಬರೆದೆ: "ನೀರು ಹುಡುಕಿ ಹೊರಟ ತಾಯಿ ಬಿಟ್ಟುಹೋದ ಮರಿ." ಭಾನುವಾರದ ಪುಟಕ್ಕೆ ಅದಕ್ಕಿಂತ ಒಳ್ಳೆಯ ವಾಕ್ಯ ಸಿಗಲಾರದು ಅನ್ನಿಸಿತು. ಆಮೇಲೆ ಕೈ ಬೀಸಿ ಸಿಸ್ಟರನ್ನು ಕರೆದೆ.

ಅವರು ಬಂದು ನೋಡಿದ್ದೇ ಮೊಣಕಾಲೂರಿದರು. "ಅಯ್ಯ ದೇವರೇ, ಕೂಸು! ಇದರವ್ವ ಎಲ್ಲಿ ಹೋದಳು?"

"ಬಿಟ್ಟು ಹೋಗ್ಯದ್ರಿ ಸಿಸ್ಟರ್," ಎಂದೆ ನಾನು. ಪುಸ್ತಕದಲ್ಲಿ ಬರೆದದ್ದನ್ನೇ ಓದಿ ಹೇಳಿದಂತಿತ್ತು.

ಅವರು ಅದರ ಕಣ್ಣಿನ ಹತ್ತಿರದ ನೊಣ ಓಡಿಸಿದರು. ಆಮೇಲೆ ಕುತ್ತಿಗೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ನವಜಾತ ಶಿಶುವನ್ನು ಎತ್ತುವಂತೆಯೇ ಒಂದು ಕೈ ತಲೆಯ ಕೆಳಗೆ, ಒಂದು ಕೈ ಹಿಂಗಾಲ ಕೆಳಗೆ ಕೊಟ್ಟು ಮರಿಯನ್ನು ಎತ್ತಿಕೊಂಡರು. ಅದನ್ನು ಮಡಿಲಿಗಿಟ್ಟುಕೊಂಡು, ಟವೆಲಿನ ತುದಿಯನ್ನು ತಮ್ಮ ಬಾಟಲಿಯ ನೀರಿನಿಂದ ನೆನೆಸಿ ಅದರ ತುಟಿಗೆ ಮುಟ್ಟಿಸಿದರು. ಭಾವ-ಮೈದುನ ಓಡಿ ಬಂದರು.

"ಸಿಸ್ಟರ್, ಜರಾ ಬೆಳಕಿನ ಕಡಿ ಹೊಳ್ಳರಿ. ಮರಿ ಮಾರಿ ಕಾಣಲಿ."

ಅಷ್ಟರಲ್ಲಿ ಮಾಸ್ತರರು ಬಂದರು. ದೂರದಿಂದಲೇ ನಮ್ಮನ್ನು ನೋಡಿ ನಿಂತದ್ದು, ಆಮೇಲೆ ಎಂದಿಗಿಂತ ನಿಧಾನವಾಗಿ ನಡೆದು ಬಂದದ್ದು ನನಗೆ ನೆನಪಿದೆ. ಅವರು ಕೂಗಲಿಲ್ಲ.

"ಎಲ್ಲಿ ಮಲಗಿತ್ತದು?"

ತೋರಿಸಿದೆ.

"ತಾಯಿ ಬಿಟ್ಟು ಹೋಗ್ಯದಂತ ಯಾರು ಹೇಳಿದ್ರು?"

ಸಿಸ್ಟರ್ ನನ್ನ ಕಡೆ ನೋಡಲೂ ಇಲ್ಲ. ಅದು ಅವರ ದೊಡ್ಡತನ. ನಾನೇ ಹೇಳಿದೆ, ನಾನು ಎಂದು.

"ಚಿಗರಿ ಹಂಗೇ ಮಾಡ್ತದ್ರಿ ಸಾಹೇಬ್ರ. ಮರಿ ಹುಲ್ಲಾಗ ಮಲಗಿಸಿ ತಾ ದೂರ ಮೇಯ್ತದ. ಹತ್ರ ನಿಂತ್ರ ನಾಯಿಗಿ ಗುರ್ತು ಸಿಗ್ತದಂತ. ಹಾಲು ಕುಡಸ್ಲಕ್ಕ ಅಷ್ಟೇ ಬರ್ತದ. ಈಗ ಎಲ್ಲೋ ನಿಂತು ನಮ್ಮನ್ನೇ ನೋಡ್ಲಕತ್ತದ."

ಸಿಸ್ಟರ್ ಮರಿಯ ಕೆಳಗಿದ್ದ ತಮ್ಮ ಕೈ ನೋಡಿಕೊಂಡರು. "ಮುಟ್ಟೀನಲ್ರಿ ಮಾಸ್ತರ. ಈಗ ಇದರವ್ವ ಒಲ್ಲೆ ಅಂದ್ರ?"

"ಮನುಷ್ಯಾರ ವಾಸನಿ ಬಂತಂತ ತಾಯಿ ಮರಿ ಬಿಡಂಗಿಲ್ಲ ಅಂತ ಕೇಳೀನಿ. ಖಾತ್ರಿ ನಂಗೂ ಇಲ್ಲ. ಮೊದಲು ಅದೇ ಜಾಗಕ್ಕ ಇಡ್ರಿ."

ಹುಲ್ಲಿನಲ್ಲಿ ಮರಿಯ ಮೈಯ ಗುಳಿ ಇನ್ನೂ ಇತ್ತು. ಸಿಸ್ಟರ್ ಅದನ್ನು ಅಲ್ಲಿಯೇ, ತಲೆ ಮೊದಲಿದ್ದ ದಿಕ್ಕಿಗೇ ಇಟ್ಟರು. ಮರಿ ಕುತ್ತಿಗೆ ಚಾಚಿ ನೆಲಕ್ಕೆ ಅಂಟಿಕೊಂಡಿತು.

ಇಟ್ಟು ಹೊರಟು ಹೋಗಿದ್ದರೆ ಮುಗಿಯುತ್ತಿತ್ತು. ಆದರೆ ಆ ವರ್ಷ ಊರು ಖಾಲಿಯಾದಾಗ ನಾಯಿಗಳು ಮಾತ್ರ ಉಳಿದಿದ್ದವು. ಅನ್ನ ಹಾಕುವವರಿಲ್ಲದೆ ಅವು ಹೊಲ ತಿರುಗುತ್ತಿದ್ದವು. ನಾವು ನಡೆದಾಡಿದ ಜಾಡು ಒಡ್ಡಿನುದ್ದಕ್ಕೂ ಮರಿಯವರೆಗೂ ಬಿದ್ದಿತ್ತು. ಹತ್ತಿರ ನಿಂತರೆ ತಾಯಿ ಬರುವುದಿಲ್ಲ, ದೂರ ಹೋದರೆ ನಾಯಿ ಬರುತ್ತದೆ. ಮಾಸ್ತರರು ಭಾವ-ಮೈದುನರನ್ನು ಊರಿನ ಕಡೆಯ ದಾರಿಗೆ ಕಾವಲಿಗೆ ಕಳಿಸಿದರು. ಅವರು ಕ್ಯಾಮೆರಾಗಳನ್ನು ಜೀಪಿನಲ್ಲಿಟ್ಟು, ಟ್ರೈಪಾಡ್ ಎರಡನ್ನೂ ಬಡಿಗೆಯಂತೆ ಹೆಗಲಿಗೇರಿಸಿ ಹೋದರು. ನಾವು ಮೂವರು ಗಾಳಿ ನಮ್ಮ ಕಡೆ ಬೀಸುವಂತೆ ಸುತ್ತು ಹಾಕಿ, ದೂರದ ಇನ್ನೊಂದು ಒಡ್ಡಿನ ಹಿಂದೆ ಕುಳಿತೆವು.

ಮೊದಲ ಒಂದು ತಾಸು ಏನೂ ಆಗಲಿಲ್ಲ. ಬಿಸಿಲಿಗೆ ಕರಿಮಣ್ಣಿನ ಬಿರುಕುಗಳಿಂದ ಝಳ ಏಳುತ್ತಿತ್ತು. ಸಿಸ್ಟರ್ ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕುಳಿತಿದ್ದರು, ಏನೋ ಒದ್ದೆ ಇದ್ದು ಒಣಗಿಸುವವರಂತೆ.

"ವಾರ್ಡಿನಾಗ ಮಂದಿಗಿ ದಿನಾ ಬೈತಿದ್ನಿ," ಎಂದರು ಮೆಲ್ಲಗೆ. "ಚಿಗವ್ವ ಬಂದಾಳ, ಅತ್ತಿ ಬಂದಾಳ, ಎಲ್ಲರೂ ಕೂಸಿನ ಮ್ಯಾಲ ಕೈ ಹಾಕವರೇ. ಮುಟ್ಟಬ್ಯಾಡ್ರಿ, ಅದರವ್ವನ ಕೈಯಾಗ ಕೊಡ್ರಿ ಅಂತಿದ್ನಿ. ಇವತ್ತು ನಾನೇ ಎತ್ತಿನಿ."

"ನಾನು ಕರೀದಿದ್ರ ನೀವು ಬರ್ತಿರ್ಲಿಲ್ರಿ," ಎಂದೆ.

"ನೀವು ಪೇಪರಿಗಿ ಬರಿಯವರು. ಬಿಟ್ಟು ಹೋದವರೇ ನಿಮಗ ದಿನಾ ಕಣ್ಣಿಗಿ ಬೀಳ್ತಾರ. ನನಗೇನಾಗಿತ್ತು?"

ಮಾಸ್ತರರು ದುರ್ಬೀನು ಇಳಿಸದೆ ಮಾತಾಡಿದರು. "ನಮ್ಮವ್ವ ಅಪ್ಪ ಕಬ್ಬು ಕಡೀಲಕ್ಕ ಹೋಗ್ತಿದ್ರು. ನಾ ಅಜ್ಜಿ ಹತ್ರ. ಓಣಿಯವರು ಚಾಷ್ಟಿ ಮಾಡ್ತಿದ್ರು, ಏ ಹುಡುಗಾ, ನಿಮ್ಮವ್ವ ನಿನ್ನ ಬಿಟ್ಟು ಹೋದಳು, ಮತ್ತ ಬರಂಗಿಲ್ಲ ನೋಡು ಅಂತ. ನಾ ಅಳ್ತಿದ್ನಿ. ನಮ್ಮಜ್ಜಿ ಕಸಬರಿಗಿ ತಗೊಂಡೇ ಹೊರಗ ಬರ್ತಿದ್ಲು. ಬಿಟ್ಟು ಹೋಗಿಲ್ಲರ‍್ಯೋ, ನನ್ನ ಹತ್ರ ಇಟ್ಟು ಹೋಗ್ಯಾಳ ಅಂತಿದ್ಲು."

ಅವರು ಅದನ್ನು ನನಗೆ ಚುಚ್ಚಲು ಹೇಳಿದರೆಂದು ನಾನು ತಿಳಿಯುವುದಿಲ್ಲ. ಆದರೂ ಹಿಂದಿನ ತಿಂಗಳ ವರದಿಗಳು ತಲೆಯಲ್ಲಿ ಹಾದುಹೋದವು. ಅಜ್ಜಿಯರ ಜತೆ ಉಳಿದ ಮಕ್ಕಳ ಬಗ್ಗೆ ನಾನು ಬರೆದ ಮೂರು ಕಾಲಂ ಸುದ್ದಿಯ ಶೀರ್ಷಿಕೆಯಲ್ಲಿ "ಅನಾಥ" ಎಂಬ ಪದವಿತ್ತು. ಆ ಪದವನ್ನು ಡೆಸ್ಕಿನವರು ಹಾಕಿರಲಿಲ್ಲ. ನಾನೇ ಬರೆದು ಕಳಿಸಿದ್ದೆ. ಆ ಮಕ್ಕಳಲ್ಲಿ ಒಬ್ಬಳು, ಅವ್ವ ಯಾವ ಸೋಮವಾರ ಬರುತ್ತಾಳೆಂದು ನನಗೆ ಹೇಳಿದ್ದಳು. ಅದನ್ನು ನಾನು ಬರೆದುಕೊಂಡಿದ್ದೆ, ಬಳಸಿರಲಿಲ್ಲ. ಪುಸ್ತಕ ತೆಗೆದು ಬೆಳಗಿನ ವಾಕ್ಯವನ್ನು ಹೊಡೆದು ಹಾಕಿದೆ.

ಎರಡನೆಯ ತಾಸಿನಲ್ಲಿ ಒಂದು ಹೆಣ್ಣು ಚಿಗರಿ ಕೆರೆಯ ಆಚೆ ಕಾಣಿಸಿತು. ನಾಲ್ಕು ಹೆಜ್ಜೆ ಬಂದು ನಿಂತಿತು. ಮೂಗು ಎತ್ತಿತು. ನಾವು ಬೆಳಿಗ್ಗೆ ಓಡಾಡಿದ ಒಡ್ಡಿನ ಹತ್ತಿರ ಬಂದು ಥಟ್ಟನೆ ತಿರುಗಿ ಹೋಯಿತು. ಸಿಸ್ಟರ್ ಕಣ್ಣು ಮುಚ್ಚಿದರು. ಅವರ ತುಟಿ ಅಲ್ಲಾಡುತ್ತಿತ್ತು.

ಅದೇ ಹೊತ್ತಿಗೆ ಊರಿನ ಕಡೆಯಿಂದ ಬೊಗಳುವ ಸದ್ದು, ಅದರ ಮೇಲೆ ಭಾವನ ದನಿ ಕೇಳಿಸಿತು: "ಹಚಾ! ಹಚಾ! ತಮ್ಮಾ, ನಿನ್ನ ಕಡಿ ಒಂದು ಬಂತು ನೋಡೋ!" ಮೈದುನ ಟ್ರೈಪಾಡ್ ತಿರುವುತ್ತಾ ತೊಗರಿ ಕೂಳೆಯಲ್ಲಿ ಓಡುವುದು ಕಂಡಿತು. ಎಡವಿ ಬಿದ್ದ, ಎದ್ದ, ಮತ್ತೆ ಓಡಿದ. ಮೂರು ನಾಯಿಗಳು ಊರಿನತ್ತ ಹಿಂದಿರುಗಿದವು. ಟ್ರೈಪಾಡಿನ ಒಂದು ಕಾಲು ಆವತ್ತು ಮುರಿಯಿತು ಎಂದು ಆಮೇಲೆ ತಿಳಿಯಿತು.

ಇಷ್ಟು ಗದ್ದಲವಾದ ಮೇಲೆ ಇನ್ನು ತಾಯಿ ಬಂದಹಾಗೆಯೇ ಎಂದುಕೊಂಡೆ. ಮಾಸ್ತರರೂ ಹಾಗೇ ಅಂದುಕೊಂಡಿರಬೇಕು. ಒಂದು ನಿಟ್ಟುಸಿರು ಬಿಟ್ಟು, "ಸಂಜಿ ತನಾ ಕೂಡೋದಾದ್ರ ಕೂಡೋಣ್ರಿ," ಎಂದರು. ಸಿಸ್ಟರ್, "ನಾ ಕೂಡ್ತೇನಿ," ಎಂದರು. "ನೀವಿಬ್ಬರು ಹೋಗಿ ಉಣ್ಣರಿ." ಯಾರೂ ಏಳಲಿಲ್ಲ.

ನೆರಳುಗಳು ಉದ್ದವಾಗತೊಡಗಿದಾಗ ಮಾಸ್ತರರು ನನ್ನ ಮೊಣಕೈ ಹಿಡಿದರು. ಚಿಗರಿ ಈ ಸಲ ಬೇರೆ ದಿಕ್ಕಿನಿಂದ, ಜಾಲಿಯ ಮರೆಯಲ್ಲಿ ಬಂದಿತ್ತು. ಮೇಯುವಂತೆ ತಲೆ ತಗ್ಗಿಸುತ್ತಾ, ಮೇಯದೆ, ಹುಲ್ಲಿನ ಹತ್ತಿರ ಹತ್ತಿರ ಬರುತ್ತಿತ್ತು. ಮರಿ ಇದ್ದ ಜಾಗದ ಎದುರು ನಿಂತು ಬಹಳ ಹೊತ್ತು ಮೂಸಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಹುಲ್ಲು ಅಲ್ಲಾಡಿತು. ಮರಿ ಎದ್ದು ನಿಂತಿತು, ಕಾಲುಗಳು ನಾಲ್ಕು ಕಡೆ ಹೋದವು, ಮತ್ತೆ ನಿಂತಿತು.

ಮಾಸ್ತರರು ದುರ್ಬೀನನ್ನು ಸಿಸ್ಟರ ಕಡೆ ಚಾಚಿದರು. ಅವರು ಬೇಡವೆಂದು ತಲೆ ಅಲ್ಲಾಡಿಸಿದರು. "ಕಣ್ಣು ತುಂಬ್ಯಾವ್ರಿ, ಏನೂ ಕಾಣಂಗಿಲ್ಲ. ನೀವೇ ಹೇಳ್ರಿ. ಬಾಯಿ ಹಚ್ಚಿತೇನು?"

"ತಲಿ ಹೊಟ್ಟಿ ಕೆಳಗ ಹೋಗ್ಯದ್ರಿ."

"ತಲಿ ಹೋದ್ರ ಆಗಂಗಿಲ್ಲ. ಎಷ್ಟೋ ಕೂಸು ತಲಿ ಹಾಕಿ ಸುಮ್ನ ಇರ್ತಾವ. ಬಾಲ ನೋಡ್ರಿ. ಆಡಿನ ಮರಿ ಹಾಲು ಸಿಕ್ರ ಬಾಲ ಹೊಡಿತದ. ಹೊಡಿಲಕತ್ತದೇನು?"

ಮಾಸ್ತರರು ದುರ್ಬೀನಿನ ಗಾಲಿ ತಿರುವಿದರು. "ಇಲ್ರಿ... ತಡೀರಿ." ಆಮೇಲೆ ಅವರ ದನಿ ಶಾಲೆಯ ಮಾಸ್ತರರ ದನಿಯಾಗಿರಲಿಲ್ಲ. "ಹೊಡಿಲಕತ್ತದ. ಜೋರ್ ಹೊಡಿಲಕತ್ತದ್ರಿ ಸಿಸ್ಟರ್."

ಸಿಸ್ಟರ್ ಸೆರಗಿನಿಂದ ಮುಖ ಒರೆಸಿಕೊಂಡರು. ಅದು ಒರೆಸಿದಷ್ಟೂ ಒದ್ದೆಯಾಗುತ್ತಿತ್ತು. "ತಾಯಿ ಏನು ಮಾಡ್ಲಕತ್ತದ?"

"ನೆಕ್ಕಲಕತ್ತದ್ರಿ. ಬೆನ್ನು ನೆಕ್ತು. ಈಗ ಕುತ್ತಿಗಿ. ನೀವು ಕೈ ಕೊಟ್ಟಿದ್ರಲ್ಲ, ಅದೇ ಕಡಿ ನೆಕ್ಕಲಕತ್ತದ."

"ನೆಕ್ಕಲಿ," ಎಂದರು ಅವರು. "ಪೂರಾ ನೆಕ್ಕಿ ಹಾಕ್ಲಿ. ನಂದೊಂದೀಟೂ ಉಳಿಬಾರ್ದು."